ಕೊಂಡ ವಸ್ತುವಿನ ಒಡೆಯ ಯಾರು?

ಹಣ ಕೊಟ್ಟು ಒಂದು ವಸ್ತುವನ್ನು ಮನೆಗೆ ತಂದರೆ ಅದು ನಮ್ಮದಾಯಿತೆಂದು ನಾವೆಲ್ಲ ನಂಬಿದ್ದೇವೆ. ಕೊಡಲಿ ಕೊಂಡವನು ಅದಕ್ಕೆ ಯಾವ ಮರದ ಕಾವು ಹಾಕಬೇಕೆಂದು ಕಮ್ಮಾರ ಅಪ್ಪಣೆ ಕೊಡುವುದಿಲ್ಲ. ಹೊಲಿಗೆ ಯಂತ್ರ ಕೊಂಡವಳು ಅದರಲ್ಲಿ ಏನು ಹೊಲಿಯುತ್ತಾಳೆಂದು ಕಂಪೆನಿ ವಿಚಾರಿಸುವುದಿಲ್ಲ. ಮಾರಾಟ ಮುಗಿದಲ್ಲಿಗೆ ಮಾರಿದವನ ಅಧಿಕಾರವೂ ಮುಗಿಯಿತು ಎಂಬುದು ವ್ಯಾಪಾರದಷ್ಟೇ ಹಳೆಯ ತಿಳುವಳಿಕೆ. ಇಂದು ಗೋಡೆಗೆ ಸಿಕ್ಕಿಸುವ ಒಂದು ಪುಟ್ಟ ಪ್ಲಗ್ ಈ ತಿಳುವಳಿಕೆಯನ್ನು ಸದ್ದಿಲ್ಲದೆ ಅಲುಗಾಡಿಸುತ್ತಿದೆ.

ಸ್ಮಾರ್ಟ್ ಪ್ಲಗ್ ಎಂದರೆ ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಕೂರುವ ಡಬ್ಬಿ. ಒಳಗೆ ವಿದ್ಯುತ್ತನ್ನು ಬಿಡುವ ಮತ್ತು ತಡೆಯುವ ಒಂದು ರಿಲೇ, ವೈಫೈ ಇರುವ ಒಂದು ಚಿಪ್, ಕೆಲವದರಲ್ಲಿ ಬಳಕೆಯನ್ನು ಅಳೆಯುವ ಇನ್ನೊಂದು ಚಿಪ್ ಇರುತ್ತವೆ. ಆ ಚಿಪ್ಪಿಗೆ ಏನು ಮಾಡಬೇಕೆಂದು ಹೇಳಿಕೊಡುವ ಬರಹವೇ ಫರ್ಮ್‌ವೇರ್. ಹಾಸಿಗೆಯಲ್ಲಿ ಮಲಗಿ ನಾವು ಮೊಬೈಲಿನ ಗುಂಡಿ ಒತ್ತಿದಾಗ ಆ ಆಜ್ಞೆ ಹತ್ತು ಅಡಿ ದೂರದ ಗೀಸರಿಗೆ ನೇರವಾಗಿ ಹೋಗುತ್ತದೆಂದು ಭಾವಿಸುತ್ತೇವೆ. ಅನೇಕ ಪ್ಲಗ್‌ಗಳಲ್ಲಿ ಹಾಗಾಗುವುದಿಲ್ಲ. ಆಜ್ಞೆ ಮೊದಲು ಎಲ್ಲೋ ಇರುವ ಕಂಪೆನಿಯ ಸರ್ವರಿಗೆ ಹೋಗಿ, ಅಲ್ಲಿ ದಾಖಲಾಗಿ, ಅಲ್ಲಿಂದ ನಮ್ಮ ಮನೆಗೆ ಮರಳುತ್ತದೆ. ಅಂದರೆ ನಮ್ಮ ಮನೆಯ ಗೀಸರ್ ಉರಿಯುವುದು ಮೂರನೆಯವರೊಬ್ಬರ ಮೂಲಕ.

ಆ ಮೂರನೆಯವರು ಬಾಗಿಲು ಮುಚ್ಚಿದರೆ? ಇದು ಕೇವಲ ಊಹೆಯಲ್ಲ. ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಾಟವಾದ ರಿವಾಲ್ವ್ ಎಂಬ ಮನೆ-ನಿಯಂತ್ರಣ ಯಂತ್ರವಿತ್ತು. ಅದರ ಕಂಪೆನಿಯನ್ನು 2014ರಲ್ಲಿ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಂತಿತು, ಯಂತ್ರ ಬರಿಯ ಡಬ್ಬಿಯಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪೆನಿಯ ಸರ್ವರ್‌ಗಳು ಗ್ರಾಹಕರಿಗೆ ಒಂದು ಮಾತೂ ಹೇಳದೆ ಮೌನವಾದವು. 2025ರ ಜುಲೈಯಲ್ಲಿ ಬೆಲ್ಕಿನ್ ಕಂಪೆನಿ ತನ್ನ ವೀಮೋ ಪ್ಲಗ್ ಮತ್ತು ಸ್ವಿಚ್‌ಗಳಲ್ಲಿ ಬಹುಪಾಲಿನವಕ್ಕೆ ನೀಡುತ್ತಿದ್ದ ಸೇವೆಯನ್ನು 2026ರ ಜನವರಿ 31ಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಈ ಯಂತ್ರಗಳು ಸವೆದು ಹಾಳಾದವುಗಳಲ್ಲ. ಅವುಗಳ ರಿಲೇ ಗಟ್ಟಿಯಾಗಿತ್ತು, ಚಿಪ್ ಸರಿಯಾಗಿತ್ತು. ಕೆಟ್ಟದ್ದು ದೂರದಲ್ಲಿ ಕುಳಿತ ಒಡೆಯನ ಮನಸ್ಸು ಅಥವಾ ಅವನ ವ್ಯಾಪಾರ. ಹೀಗಿರುವಾಗ ನಾವು ಕೊಂಡದ್ದೇನು? ವಸ್ತುವನ್ನೋ, ಅವರ ಮರ್ಜಿಯನ್ನೋ?

ಈ ಪ್ರಶ್ನೆಗೆ ಕೆಲವರು ಸ್ಕ್ರೂಡ್ರೈವರಿನಿಂದ ಉತ್ತರ ಕೊಟ್ಟಿದ್ದಾರೆ. ಹಲವು ಅಗ್ಗದ ಪ್ಲಗ್‌ಗಳೊಳಗೆ ಇದ್ದದ್ದು ಶಾಂಘೈಯ ಎಸ್ಪ್ರೆಸಿಫ್ ಕಂಪೆನಿಯ ಇಎಸ್‌ಪಿ8266 ಎಂಬ ಚಿಪ್. ಅದನ್ನು ಅಳಿಸಿ ಮತ್ತೆ ಬರೆಯಬಹುದೆಂದು ತಿಳಿದವರು ಮೂಲ ಫರ್ಮ್‌ವೇರನ್ನು ತೆಗೆದು ತಾವೇ ಬರೆದದ್ದನ್ನು ತುಂಬತೊಡಗಿದರು. ನೆದರ್‌ಲ್ಯಾಂಡ್ಸಿನ ಥಿಯೋ ಆರೆಂಡ್ಸ್ ಆರಂಭಿಸಿದ ಟಾಸ್ಮೊಟಾ ಇವುಗಳಲ್ಲಿ ಹೆಸರಾದದ್ದು, ಇಎಸ್‌ಪಿಹೋಮ್ ಇನ್ನೊಂದು. ಇದನ್ನು ಹಾಕಿದ ಪ್ಲಗ್ ಮನೆಯ ವೈಫೈಯಲ್ಲೇ ಆಜ್ಞೆ ಪಡೆದು ಮನೆಯೊಳಗೇ ಉತ್ತರಿಸುತ್ತದೆ. ಇಂಟರ್‌ನೆಟ್ ಹೋದರೂ ಅದಕ್ಕೆ ಚಿಂತೆಯಿಲ್ಲ. 2018ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ಸಮಾವೇಶದಲ್ಲಿ ಸಂಶೋಧಕರು ಟುಯಾ ಕಂಪೆನಿಯ ವ್ಯವಸ್ಥೆಯನ್ನು ಬಳಸುವ ಉಪಕರಣಗಳ ದೌರ್ಬಲ್ಯಗಳನ್ನು ತೋರಿಸಿಕೊಟ್ಟರು. ಅದರ ಆಧಾರದಲ್ಲಿ ಡಬ್ಬಿ ಬಿಚ್ಚದೆಯೇ ಹೊಸ ಫರ್ಮ್‌ವೇರ್ ತುಂಬುವ ದಾರಿ ತೆರೆಯಿತು. ನಂತರ ಬಂದವುಗಳಲ್ಲಿ ಆ ದಾರಿಯನ್ನು ಮುಚ್ಚಲಾಯಿತು. ಕಳ್ಳನಿಗೆ ಮುಚ್ಚಬೇಕಾದ ಬಾಗಿಲು ಅದು, ನಿಜ. ಆದರೆ ಅದೇ ಬಾಗಿಲು ಮನೆಯೊಡೆಯನಿಗೂ ಮುಚ್ಚಿಹೋಯಿತು, ಬೀಗದ ಕೈ ಅವನಿಗೆ ಸಿಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಆ್ಯಪ್ ಹಾಕಿಕೊಳ್ಳುವಾಗ ನಾವು ಷರತ್ತುಗಳಿಗೆ ಒಪ್ಪಿದ್ದೇವಲ್ಲ? ಕೊಟ್ಟ ಮಾತನ್ನು ಮೀರುವುದು ನ್ಯಾಯವೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮಾತು ಮಾತಾಗಬೇಕಾದರೆ ಕೊಡುವವನಿಗೆ ಅದು ಅರ್ಥವಾಗಿರಬೇಕು, ನಿರಾಕರಿಸುವ ಅವಕಾಶವೂ ಇರಬೇಕು. ಹಣ ಕೊಟ್ಟು, ಡಬ್ಬಿ ಒಡೆದು, ಸಾಕೆಟ್ಟಿಗೆ ಸಿಕ್ಕಿಸಿದ ಮೇಲೆ ಪರದೆಯಲ್ಲಿ ಮೂಡುವ ಹತ್ತಾರು ಪುಟಗಳ ಕೆಳಗೆ 'ಒಪ್ಪಿದೆ' ಎಂಬ ಒಂದೇ ಗುಂಡಿಯನ್ನಿಟ್ಟರೆ ಅದನ್ನು ಒಪ್ಪಂದವೆನ್ನುವುದು ಕಷ್ಟ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು ಕೂಡ ತಾಂತ್ರಿಕ ಬೀಗವನ್ನು ಮುರಿದ ಮಾತ್ರಕ್ಕೆ ಶಿಕ್ಷೆ ಎನ್ನುವುದಿಲ್ಲ. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶ ಇತ್ತೇ ಎಂದು ಕೇಳುತ್ತದೆ. ತನ್ನ ಮನೆಯ ಪ್ಲಗ್ಗಿನಿಂದ ಕಂಪೆನಿಯ ಬರಹವನ್ನು ಅಳಿಸುವವನು ಅದನ್ನು ಕದಿಯುತ್ತಿಲ್ಲ. ಅವನು ಅದನ್ನು ಬೇಡವೆನ್ನುತ್ತಿದ್ದಾನೆ, ಅಷ್ಟೆ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಈ ಕೆಲಸ ತಪ್ಪಲ್ಲ. ಆದರೆ ಚರ್ಚೆ ಇಲ್ಲಿಗೆ ಮುಗಿಯಬಾರದು. ಒಡೆತನವನ್ನು ಕಂಪೆನಿಯ ಕೈಯಿಂದ ಕಿತ್ತುಕೊಳ್ಳುವವನು ಅದರೊಂದಿಗಿದ್ದ ಹೊಣೆಯನ್ನೂ ಎತ್ತಿಕೊಳ್ಳಬೇಕಾಗುತ್ತದೆ. ಹಕ್ಕಿನ ಬಗ್ಗೆ ಮಾತನಾಡುವಷ್ಟು ಉತ್ಸಾಹದಿಂದ ನಾವು ಈ ಹೊಣೆಯ ಬಗ್ಗೆ ಮಾತನಾಡುವುದಿಲ್ಲ.

ಮೊದಲನೆಯದು ಜೀವದ ಹೊಣೆ. ಪ್ಲಗ್ಗಿನಲ್ಲಿ ಹರಿಯುವುದು 230 ವೋಲ್ಟ್ ವಿದ್ಯುತ್ತು. ಇಂಥ ಅನೇಕ ಡಬ್ಬಿಗಳಲ್ಲಿ ಚಿಪ್ಪಿನ ಭಾಗಕ್ಕೂ ಮುಖ್ಯ ವಿದ್ಯುತ್ತಿಗೂ ನಡುವೆ ಬೇಲಿಯೇ ಇರುವುದಿಲ್ಲ. ಗೋಡೆಗೆ ಸಿಕ್ಕಿಸಿಟ್ಟೇ ಕಂಪ್ಯೂಟರಿನ ತಂತಿ ಜೋಡಿಸಲು ಹೋದರೆ ಕಂಪ್ಯೂಟರು ಮಾತ್ರವಲ್ಲ, ಮನುಷ್ಯನೂ ಸಾಯಬಹುದು. ಮಿತಿಮೀರಿದ ಹೊರೆ ಬಿದ್ದಾಗ ವಿದ್ಯುತ್ತನ್ನು ಕಡಿಯುವ ಕಾವಲು ಕೆಲವು ಪ್ಲಗ್‌ಗಳಲ್ಲಿ ಮೂಲ ಫರ್ಮ್‌ವೇರಿನೊಳಗೇ ಇರುತ್ತದೆ. ಅದನ್ನು ಅಳಿಸಿದಾಗ ಕಾವಲೂ ಹೋಗುತ್ತದೆ. ಹೊಸದರಲ್ಲಿ ಮಿತಿಯನ್ನು ನಾವೇ ಬರೆಯಬೇಕು. 2000 ವಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಪ್ಲಗ್ಗಿಗೆ ತಗುಲಿಸಿದರೆ ಯಾವ ಮುಕ್ತ ತಂತ್ರಾಂಶವೂ ಬೆಂಕಿಯಿಂದ ಕಾಪಾಡದು. ಆ ಮನೆಯಲ್ಲಿ ಮಲಗುವವರು ನಾವೊಬ್ಬರೇ ಅಲ್ಲ.

ಎರಡನೆಯದು ಪ್ರಾಮಾಣಿಕತೆಯ ಹೊಣೆ. ಬಿಚ್ಚಿ ಬದಲಿಸಿದ ಪ್ಲಗ್ ಕೆಟ್ಟಾಗ ಏನೂ ತಿಳಿಯದವರಂತೆ ಅಂಗಡಿಗೆ ಹೋಗಿ ವಾರಂಟಿ ಕೇಳುವುದು ಸರಿಯಲ್ಲ. ಕಂಪೆನಿ ದೊಡ್ಡದು, ಅದಕ್ಕೇನು ನಷ್ಟ ಎಂಬುದು ಸಮರ್ಥನೆಯಾಗದು. ಅದೇ ಪ್ಲಗ್ಗನ್ನು ಇನ್ನೊಬ್ಬರಿಗೆ ಕೊಡುವಾಗ ಅಥವಾ ಮಾರುವಾಗ ಒಳಗೇನು ಬದಲಾಗಿದೆ ಎಂದು ಹೇಳಲೇಬೇಕು. ಟಾಸ್ಮೊಟಾವನ್ನು ಬರೆದ ಅಪರಿಚಿತರೂ ಇಂಥದೇ ಒಂದು ಶರತ್ತನ್ನು ಇಟ್ಟಿದ್ದಾರೆ. ಅದು ಜಿಪಿಎಲ್ ಪರವಾನಗಿಯಲ್ಲಿರುವುದರಿಂದ, ಮಾರ್ಪಡಿಸಿ ಇತರರಿಗೆ ಕೊಡುವವನು ಅದರ ಮೂಲ ಬರಹವನ್ನೂ ಬಚ್ಚಿಡದೆ ಕೊಡಬೇಕು. ಪಡೆದ ಉಪಕಾರವನ್ನು ಮುಂದಿನವರಿಗೂ ದಾಟಿಸಬೇಕೆಂಬ ನಿಯಮವಿದು. ದೊಡ್ಡ ಕಂಪೆನಿಗೂ ಇದು ಅನ್ವಯಿಸಿದೆ. ಲಿಂಕ್‌ಸಿಸ್ ತನ್ನ ರೂಟರಿನಲ್ಲಿ ಇದೇ ಪರವಾನಗಿಯ ತಂತ್ರಾಂಶವನ್ನು ಬಳಸಿದ್ದು ಬಯಲಾದ ಮೇಲೆ 2003ರಲ್ಲಿ ಮೂಲ ಬರಹವನ್ನು ಹೊರಗಿಡಬೇಕಾಯಿತು. ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಬೆಳೆಯಿತು.

ಮೂರನೆಯದು ಅತ್ಯಂತ ಸೂಕ್ಷ್ಮವಾದದ್ದು, ಹಾಗಾಗಿಯೇ ಹೆಚ್ಚಿನವರ ಗಮನಕ್ಕೆ ಬಾರದ್ದು. ಬಳಕೆ ಅಳೆಯುವ ಪ್ಲಗ್ ಕೇವಲ ಯೂನಿಟ್ ಎಣಿಸುವುದಿಲ್ಲ. ಟಾಸ್ಮೊಟಾ ತಾನಾಗಿಯೇ 5 ನಿಮಿಷಕ್ಕೊಮ್ಮೆ ತನ್ನ ಲೆಕ್ಕವನ್ನು ಒಪ್ಪಿಸುವಂತೆ ರಚಿಸಲಾಗಿದೆ. ಆ ಲೆಕ್ಕವನ್ನು ಓದಿದರೆ ಸಾಕು: ಅಜ್ಜಿ ಎಷ್ಟು ಗಂಟೆಗೆ ಎದ್ದು ನೀರು ಕಾಯಿಸಿದರು, ಸೊಸೆ ಮಧ್ಯಾಹ್ನ ಎಷ್ಟು ಹೊತ್ತು ಟಿ.ವಿ. ನೋಡಿದಳು, ಮಗ ರಾತ್ರಿ ಎಷ್ಟರವರೆಗೆ ಕಂಪ್ಯೂಟರ್ ಉರಿಸಿದ, ಬಾಡಿಗೆಯವರು ಎಂದು ಊರಲ್ಲಿರಲಿಲ್ಲ, ಎಲ್ಲವೂ ತಿಳಿಯುತ್ತದೆ. ಇದು ಕಂಪೆನಿಯ ಸರ್ವರಿನಲ್ಲಿದ್ದಾಗ ನಾವು ಬೇಹುಗಾರಿಕೆ ಎಂದು ಕೂಗಿದೆವು. ಈಗ ಅದು ಮನೆಯ ಯಜಮಾನನ ಮೇಜಿನ ಮೇಲಿನ ಪುಟ್ಟ ಕಂಪ್ಯೂಟರಿನಲ್ಲಿದೆ. ಅಷ್ಟಕ್ಕೇ ಅದು ಸ್ವಾತಂತ್ರ್ಯವಾಯಿತೇ? ಯಾರಿಗೆ?

ದೂರದ ಕಂಪೆನಿಗೆ ಅಜ್ಜಿಯ ಹೆಸರು ಗೊತ್ತಿಲ್ಲ. ಅವಳು ಅದಕ್ಕೊಂದು ಅಂಕಿ. ಆದರೆ ಮನೆಯವನಿಗೆ ಅವಳು ಗೊತ್ತು. ಅಂಕಿಯನ್ನು ಮುಂದಿಟ್ಟುಕೊಂಡು ಪ್ರಶ್ನಿಸಬಲ್ಲವನು, ಆಕ್ಷೇಪಿಸಬಲ್ಲವನು, ಬಾಡಿಗೆ ಏರಿಸಬಲ್ಲವನು ಅವನೇ. ಮನೆ ಎಂಬುದು ಒಬ್ಬನ ಆಸ್ತಿಯಾಗಿರಬಹುದು, ಆದರೆ ಮನೆಯ ಬದುಕು ಒಬ್ಬನ ಆಸ್ತಿಯಲ್ಲ. ತನ್ನ ಪ್ಲಗ್ಗಿನ ಮೇಲೆ ತನಗೆ ತಿಳಿಯದ ಕಣ್ಣು ಇರಬಾರದೆಂದು ಹೋರಾಡಿದವನು, ಅದೇ ಪ್ಲಗ್ಗನ್ನು ಬಳಸುವ ಉಳಿದವರಿಗೆ ತಾನೇ ತಿಳಿಯದ ಕಣ್ಣಾದರೆ ಆ ಹೋರಾಟಕ್ಕೆ ಅರ್ಥವಿಲ್ಲ. ಅವನು ಒಡೆಯನನ್ನು ಬದಲಿಸಿದ, ಒಡೆತನದ ರೀತಿಯನ್ನು ಬದಲಿಸಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಪ್ಲಗ್ ಏನನ್ನು ಅಳೆಯುತ್ತದೆಂದು ಮನೆಯ ಎಲ್ಲರಿಗೂ ಅವರ ಮಾತಿನಲ್ಲಿ ತಿಳಿಸಬೇಕು. ಬೇಡವೆಂದವರ ಕೋಣೆಯಲ್ಲಿ ಅಳೆಯಬಾರದು. ಅಗತ್ಯವಿಲ್ಲದ ಲೆಕ್ಕವನ್ನು ಉಳಿಸಬಾರದು. ಮೊಬೈಲ್ ಇಲ್ಲದವರೂ ಕೈಯಿಂದ ಒತ್ತಿ ಆರಿಸಬಹುದಾದ ಗುಂಡಿಯನ್ನು ನಿಷ್ಕ್ರಿಯಗೊಳಿಸಬಾರದು. ಇವು ತಂತ್ರಜ್ಞಾನದ ಮಾತುಗಳೇ ಅಲ್ಲ, ಒಟ್ಟಿಗೆ ಬಾಳುವವರ ಸಾಮಾನ್ಯ ಮರ್ಯಾದೆ.

ಫರ್ಮ್‌ವೇರ್ ಬದಲಿಸುವ ವಿದ್ಯೆ ಎಲ್ಲರಿಗೂ ಬಾರದು, ಬರಬೇಕಾಗಿಯೂ ಇಲ್ಲ. ಬಲ್ಲವನು ಬಿಡುಗಡೆ ಹೊಂದಿ, ಅರಿಯದವನು ಸರ್ವರಿಗೆ ಕಟ್ಟುಬಿದ್ದೇ ಇರುವ ವ್ಯವಸ್ಥೆ ನ್ಯಾಯದ್ದಲ್ಲ. ಆದರೆ ಅಂಗಡಿಯಲ್ಲಿ ನಿಂತು "ಇಂಟರ್‌ನೆಟ್ ಇಲ್ಲದಿದ್ದರೂ ಇದು ನಡೆಯುತ್ತದೆಯೇ? ಕಂಪೆನಿ ಮುಚ್ಚಿದರೆ ಇದರ ಗತಿಯೇನು?" ಎಂದು ಕೇಳಲು ಯಾವ ವಿದ್ಯೆಯೂ ಬೇಡ. ಟಾಸ್ಮೊಟಾ ತುಂಬಿಯೇ ಪ್ಲಗ್ ಮಾರುವ ತಯಾರಕರು ಈಗ ಇದ್ದಾರೆ. ಕೇಳುವವರು ಹೆಚ್ಚಿದರೆ ಅವರೂ ಹೆಚ್ಚುತ್ತಾರೆ. ಆ ಪ್ರಶ್ನೆಯನ್ನು ಮಾರುವವನಿಗೆ ಕೇಳೋಣ. ನಮ್ಮ ಮನೆಯಲ್ಲಿ ನಮ್ಮ ಅಧಿಕಾರದ ಕೆಳಗೆ ಬದುಕುವವರು ಇಂಥದೇ ಪ್ರಶ್ನೆಯನ್ನು ನಮಗೆ ಕೇಳಿದಾಗ, ಉತ್ತರಿಸುವ ಸೌಜನ್ಯವನ್ನೂ ಉಳಿಸಿಕೊಳ್ಳೋಣ.