ತಿಳಿಯದ ದೋಷ, ತಿಳಿಯಲೊಲ್ಲದ ದೋಷ

ಅರಿಯದೆ ಉಂಡ ಪದಾರ್ಥದಿಂದ ವ್ರತಭಂಗವಾಗುವುದೇ ಎಂಬುದು ಶ್ರಾವಕರು ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ. ಮಕ್ಕಳಿಗೆ ಪಾಠ ಹೇಳುವಾಗ ಇದಕ್ಕೆ ನಾನು ಸುಲಭವಾಗಿ ಉತ್ತರ ಕೊಟ್ಟಿದ್ದೆ. ಅದು ಅಷ್ಟು ಸುಲಭವಲ್ಲವೆಂದು ನನ್ನ ಮನೆಯ ಊಟದ ಮೇಜೇ ನನಗೆ ಕಲಿಸಿತು.

ಒಂದು ಭಾನುವಾರ ಸೊಸೆಯು ಮಕ್ಕಳ ಬಯಕೆಯಂತೆ ಪಾಸ್ತಾ ಮಾಡಿದಳು. ಗೋಧಿರವೆಯ ಪಾಸ್ತಾವನ್ನು ಉಪ್ಪುನೀರಿನಲ್ಲಿ ಬೇಯಿಸಿ, ಬೆಣ್ಣೆಗೆ ಬದಲು ತುಪ್ಪದಲ್ಲಿ ಮೈದಾ ಹುರಿದು, ಹಾಲೆರೆದು, ಬಿಳಿಯ ಸಾಸ್ ಮಾಡಿ ಅದರೊಡನೆ ಕಲಸಿದಳು. ಟೊಮೇಟೊ, ದೊಣ್ಣೆಮೆಣಸಿನಕಾಯಿ ಸೇರಿದವು, ಈರುಳ್ಳಿ, ಬೆಳ್ಳುಳ್ಳಿಗಳಿರಲಿಲ್ಲ. ಮೇಲೆ ಚೀಸ್ ತುರಿದು, ಓವನ್ನಿನಲ್ಲಿ 180 ಡಿಗ್ರಿ ಶಾಖದಲ್ಲಿ 25 ನಿಮಿಷ ಇರಿಸಿ, ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಯುವಂತೆ ಸಿದ್ಧಪಡಿಸಿದಳು.

ಕರಗಿದ ಚೀಸನ್ನು ಕಂಡೊಡನೆ ನಾನು, "ಇದರಲ್ಲಿ ಕರುವಿನ ಹೊಟ್ಟೆಯ ರಸವಿದೆ. ಶ್ರಾವಕರ ಮನೆಗೆ ಇದು ತಕ್ಕುದೇ?" ಎಂದೆ. ಮಕ್ಕಳ ಕೈ ತಟ್ಟೆಯಲ್ಲೇ ನಿಂತಿತು. ಸೊಸೆ ತಲೆ ತಗ್ಗಿಸಿದಳು.

ನನ್ನ ಮಾತು ಪೂರ್ತಿ ನಿರಾಧಾರವಾಗಿರಲಿಲ್ಲ. ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಜಠರದಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕೈಮೋಸಿನ್ ಎಂಬ ಕಿಣ್ವವಿದೆ. ವಧೆಯಾದ ಕರುವಿನಿಂದ ತೆಗೆದ ಈ ರೆನೆಟ್ಟಿನಿಂದಲೇ ಹಿಂದೆ ಯೂರೋಪಿನಲ್ಲಿ ಚೀಸ್ ಹೆಚ್ಚಾಗಿ ಸಿದ್ಧವಾಗುತ್ತಿತ್ತು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಇಂದಿಗೂ ಕರುವಿನ ರೆನೆಟ್ಟೇ ನಿಯಮ. ಆದರೆ ಶಿಲೀಂಧ್ರಗಳಿಂದಲೂ ಇಂಥ ಕಿಣ್ವ ದೊರೆಯುತ್ತದೆ. 1990ರಲ್ಲಿ ಅಮೆರಿಕವು ಸೂಕ್ಷ್ಮಜೀವಿಗಳಲ್ಲಿ ಬೆಳೆಸಿದ ಕೈಮೋಸಿನ್ನಿಗೆ ಅನುಮತಿಯಿತ್ತಿತು. ಹೀಗಾಗಿ ಚೀಸ್ ಎಂಬ ಹೆಸರೊಂದರಿಂದಲೇ ಅದರ ಮೂಲ ತಿಳಿಯದು, ಪೊಟ್ಟಣವನ್ನು ಓದಬೇಕು.

ಮೊಮ್ಮಗಳು ಎದ್ದುಹೋಗಿ ಆ ಪೊಟ್ಟಣವನ್ನೇ ತಂದಳು. "ಅಜ್ಜಾ, ಇಲ್ಲಿ ಓದಿ" ಎಂದಳು. ಕನ್ನಡಕ ಹಾಕಿಕೊಂಡು ಓದಿದೆ. ಹಸಿರು ಚುಕ್ಕೆಯಿತ್ತು, ರೆನೆಟ್ ಸೂಕ್ಷ್ಮಜೀವಿಮೂಲದ್ದೆಂದೂ ಅಚ್ಚಾಗಿತ್ತು. ಸೊಸೆ ಅಂಗಡಿಯಲ್ಲಿಯೇ ಅದನ್ನು ಓದಿ ಕೊಂಡಿದ್ದಳು.

ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಯೋಗವೆಂದರೆ ಮನ, ವಚನ, ಕಾಯಗಳ ಪ್ರವೃತ್ತಿ. ಪರೀಕ್ಷಿಸಿಯೂ ತಿಳಿಯದೆ ಹೋದವನದು ಒಂದು ಸ್ಥಿತಿ. ತಿಳಿಯಲು ಸಾಧ್ಯವಿದ್ದರೂ, ತಿಳಿದರೆ ಬಿಡಬೇಕಾದೀತೆಂದು ಕಣ್ಣು ಮುಚ್ಚಿಕೊಂಡವನದು ಇನ್ನೊಂದು. ಇವೆರಡನ್ನೂ ಸಮವೆಂದು ಎಣಿಸಲಾಗದು. ಎರಡನೆಯವನ ಅಜ್ಞಾನ ಅವನೇ ಆರಿಸಿಕೊಂಡದ್ದು. ಅಂದು ನನ್ನದು ಮೂರನೆಯ ಸ್ಥಿತಿ: ನೋಡದೆಯೇ ತೀರ್ಪು ಕೊಟ್ಟದ್ದು. ಆಹಾರದಲ್ಲಿ ನಾನು ಶಂಕಿಸಿದ ಪ್ರಮಾದವು ನನ್ನ ನಾಲಿಗೆಯಲ್ಲಿಯೇ ಇತ್ತು. ಎಚ್ಚರ ವಹಿಸಿದವಳ ಮನಸ್ಸು ಎಚ್ಚರ ತಪ್ಪಿದವನ ಮಾತಿನಿಂದ ನೊಂದಿತು.

ಹಾಗೆಂದು ಎಲ್ಲ ಚೀಸೂ ಎಲ್ಲರಿಗೂ ಯೋಗ್ಯವೆಂದು ನಾನು ಹೇಳುತ್ತಿಲ್ಲ. ಬಹುದಿನ ಇರಿಸಿದ ಪದಾರ್ಥಕ್ಕೆ ಕಾಲಮರ್ಯಾದೆಯ ಆಕ್ಷೇಪವುಂಟು. ಅದಕ್ಕಾಗಿ ನಾನು ಅದನ್ನು ತ್ಯಜಿಸಿದ್ದೇನೆ. ಆದರೆ ಭೋಗೋಪಭೋಗಪರಿಮಾಣವು ನನ್ನ ಭೋಗಕ್ಕೆ ನಾನು ಹಾಕಿಕೊಂಡ ಮಿತಿ. ಇತರರನ್ನು ಹಳಿಯಲು ಕೊಟ್ಟ ಅಧಿಕಾರವಲ್ಲ.

ಕ್ಷಮಾವಣಿಯ ದಿನಕ್ಕಾಗಿ ಕಾಯದೆ, ಮಕ್ಕಳೆದುರಿಗೇ, "ನೋಡದೆ ಆಡಿಬಿಟ್ಟೆನಮ್ಮಾ, ಕ್ಷಮಿಸು" ಎಂದೆ. ಅವಳು ಒಂದು ಸಣ್ಣ ಬಟ್ಟಲನ್ನು ನನ್ನ ಮುಂದಿರಿಸಿ, "ಹೊತ್ತಾಗುತ್ತದೆ, ಊಟ ಮಾಡಿ ಮಾವ. ನಿಮಗೆಂದು ಚೀಸ್ ಹಾಕದೆ ಮೊದಲೇ ಬೇರೆ ತೆಗೆದಿಟ್ಟಿದ್ದೆ" ಎಂದಳು.

ನನ್ನ ವ್ರತವನ್ನು ನನಗಿಂತ ಹೆಚ್ಚು ಜಾಗರೂಕತೆಯಿಂದ ಕಾಪಾಡಿದವಳು ಅವಳೇ. ಶ್ರಾವಕ ಬಂಧುಗಳು ತಟ್ಟೆಯನ್ನು ಶೋಧಿಸುವಂತೆಯೇ ಮಾತನ್ನೂ ಶೋಧಿಸಲಿ.