ಹೋಲಿಕೆಯ ಹೊರೆ

ಕ್ಯಾಲಿಫೋರ್ನಿಯಾದಲ್ಲೋ ಫ್ಲೋರಿಡಾದಲ್ಲೋ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಹಿಂದಿರುಗುವ ನಮ್ಮ ಹಿರಿಯರು ತೋರಿಸುವ ಛಾಯಾಚಿತ್ರಗಳಲ್ಲಿ ಡಿಸ್ನಿ ಉದ್ಯಾನದ ಒಂದೆರಡು ಚಿತ್ರಗಳು ಇದ್ದೇ ಇರುತ್ತವೆ. ಮೊಮ್ಮಗುವಿನ ಒಂದು ಬದಿಗೆ ಅಜ್ಜಿ, ಇನ್ನೊಂದು ಬದಿಗೆ ಬಿಳಿ ಗವಸಿನ ಮಿಕ್ಕಿ ಮೌಸ್. ಇಲ್ಲವೇ ನೀಲಿ ರವಿಕೆ, ಹಳದಿ ಲಂಗ ತೊಟ್ಟ ಸ್ನೋ ವೈಟ್. ಚಿತ್ರ ನೋಡಿದವರು ತಪ್ಪದೆ ಒಂದು ತೀರ್ಪು ಕೊಡುತ್ತಾರೆ. ‘ಥೇಟ್ ಸಿನಿಮಾದಲ್ಲಿದ್ದ ಹಾಗೆಯೇ ಇದೆ’ ಎನ್ನುತ್ತಾರೆ, ಅಥವಾ ‘ಸಿನಿಮಾದವಳ ಹಾಗೆ ಇಲ್ಲ, ಬಿಡಿ’ ಎನ್ನುತ್ತಾರೆ.

ಕೇಳುವುದಕ್ಕೆ ಇದು ಹಗುರವಾದ ಹರಟೆ. ಆದರೆ ‘ಹಾಗೆಯೇ ಇದೆ’ ಎನ್ನುವಾಗ ಯಾವುದರ ಹಾಗೆ ಎಂದಾಗಲಿ, ‘ಹಾಗಿಲ್ಲ’ ಎನ್ನುವಾಗ ಆ ಕೊರತೆಯನ್ನು ಯಾರ ಲೆಕ್ಕಕ್ಕೆ ಬರೆಯುತ್ತಿದ್ದೇವೆ ಎಂದಾಗಲಿ ನಾವು ಯೋಚಿಸುವುದಿಲ್ಲ. ಮೂಲಕ್ಕೂ ಪ್ರತಿಗೂ ಇರುವ ಸಂಬಂಧವೇನು, ಒಂದು ವೇಷ ಸತ್ಯವಾಗಿರುವುದೆಂದರೆ ಏನು ಎಂಬ ಪ್ರಶ್ನೆಗಳು ಗ್ರೀಕರ ಕಾಲದಿಂದಲೂ ಮನುಷ್ಯನನ್ನು ಕಾಡಿವೆ. ಉದ್ಯಾನದ ಬಿಸಿಲಿನಲ್ಲಿ ನಿಂತು ಕೈಬೀಸುವ ಆ ಇಲಿಯನ್ನು ನೆಪವಾಗಿಟ್ಟುಕೊಂಡು ಅವನ್ನು ಮತ್ತೊಮ್ಮೆ ಕೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಮೊದಲು ಮಿಕ್ಕಿಯ ಕಿವಿಗಳನ್ನೇ ನೋಡೋಣ. ಚಲನಚಿತ್ರದಲ್ಲಿ ಅವನು ಎದುರು ನೋಡಲಿ, ಪಕ್ಕಕ್ಕೆ ತಿರುಗಲಿ, ಆ ಎರಡು ಕಿವಿಗಳು ಸಾಮಾನ್ಯವಾಗಿ ಎರಡು ದುಂಡನೆಯ ಕರಿ ಬಿಲ್ಲೆಗಳಾಗಿಯೇ ಕಾಣುತ್ತವೆ. ಚಿತ್ರಕಾರನ ಕಾಗದದ ಮೇಲೆ ಇದು ಸಾಧ್ಯ. ನಾವು ಬದುಕುವ ಜಗತ್ತಿನಲ್ಲಿ ಮಾತ್ರ ಬಿಲ್ಲೆಯೊಂದನ್ನು ತಿರುಗಿಸಿದರೆ ಅದು ಮೊಟ್ಟೆಯಾಕಾರಕ್ಕೆ ಇಳಿದು, ಕೊನೆಗೆ ಬರಿಯ ಗೆರೆಯಾಗಲೇಬೇಕು. ಹೀಗಾಗಿ ಉದ್ಯಾನದ ವೇಷಧಾರಿಯು ಒಮ್ಮೆ ತಲೆ ಹೊರಳಿಸಿದರೆ ಸಾಕು, ಅವನು ಚಿತ್ರದ ಮಿಕ್ಕಿಗೆ ನಿಷ್ಠನಾಗಿ ಉಳಿಯಲಾರ. ಇದು ಹೊಲಿದವನ ಕೈತಪ್ಪಲ್ಲ. ಎರಡು ಆಯಾಮಗಳಲ್ಲಿ ಹುಟ್ಟಿದ ಜೀವಿಯು ಮೂರನೆಯ ಆಯಾಮದ ಗಡಿ ದಾಟುವಾಗ ತೆರಬೇಕಾದ ಸುಂಕ.

ಅದಿರಲಿ, ನಿಷ್ಠನಾಗಿರಬೇಕಾದದ್ದು ಯಾವ ಮಿಕ್ಕಿಗೆ? 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಅವನ ಕೈಗಳಿಗೆ ಗವಸಿರಲಿಲ್ಲ. ಗವಸು ಬಂದದ್ದು 1929ರಲ್ಲಿ. ಆ ದಿನಗಳಲ್ಲಿ ಅವನ ಕಣ್ಣುಗಳು ಕೇವಲ ಕಪ್ಪು ಚುಕ್ಕಿಗಳು. ಬಿಳುಪಿನ ನಡುವೆ ಪಾಪೆಯಿರುವ ಕಣ್ಣುಗಳನ್ನು ಅವನು ಪಡೆದದ್ದು 1939ರಲ್ಲಿ. ಮೂಲವೆಂದು ನಾವು ಕೈತೋರುವುದೇ ಹೀಗೆ ಬದಲಾಗುತ್ತ ಬಂದಿದೆ. ವೇಷದ ಕಥೆಯೂ ಬೇರೆಯಲ್ಲ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಅಲ್ಲಿ ಓಡಾಡಿದ ಪಾತ್ರಗಳ ಉಡುಪುಗಳು ‘ಐಸ್ ಕೇಪೇಡ್ಸ್’ ಎಂಬ ಹಿಮಜಾರಾಟದ ಪ್ರದರ್ಶನ ತಂಡದಿಂದ ಎರವಲು ತಂದವು. ಅಂದಿನ ಛಾಯಾಚಿತ್ರಗಳಲ್ಲಿರುವ ಮಿಕ್ಕಿಯನ್ನು ಕಂಡರೆ ಇಂದಿನ ಮಗು ಬೆಚ್ಚಿ ತಾಯಿಯ ಸೆರಗು ಹಿಡಿದೀತು. ಮುಂದೆ ಬಿಲ್ ಜಸ್ಟಿಸ್‌ರಂಥ, ಚಲನಚಿತ್ರಕ್ಕೇ ಚಿತ್ರ ಬರೆದು ಪಳಗಿದ ಕಲಾವಿದರು ವೇಷಗಳ ರಚನೆಗೆ ಕೈಹಾಕಿದ ಮೇಲೆ ಹೋಲಿಕೆ ಹತ್ತಿರವಾಯಿತು.

ಯಾವುದು ಮೂಲ, ಯಾವುದು ಪ್ರತಿ ಎಂದು ಹೇಳಲಾಗದ ಪ್ರಸಂಗವೂ ಉಂಟು. ಕಡಲ್ಗಳ್ಳರ ಲೋಕವನ್ನು ದೋಣಿಯಲ್ಲಿ ಕುಳಿತು ನೋಡುವ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಎಂಬ ವಿಹಾರ ಡಿಸ್ನಿಲ್ಯಾಂಡಿನಲ್ಲಿ ಆರಂಭವಾದದ್ದು 1967ರಲ್ಲಿ. ಅದರಿಂದ ಸ್ಫೂರ್ತಿ ಪಡೆದು ಚಲನಚಿತ್ರ ಬಂದದ್ದು 2003ರಲ್ಲಿ. ಚಿತ್ರ ಗೆದ್ದಿತು, ಅದರ ನಾಯಕ ಜ್ಯಾಕ್ ಸ್ಪ್ಯಾರೋವಿನ ಯಂತ್ರದ ಗೊಂಬೆಯನ್ನು 2006ರಲ್ಲಿ ಅದೇ ವಿಹಾರದೊಳಗೆ ತಂದು ನಿಲ್ಲಿಸಿದರು. 2017ರ ಏಪ್ರಿಲಿನಲ್ಲಿ ನಟ ಜಾನಿ ಡೆಪ್ ತಾನೇ ಆ ವೇಷ ತೊಟ್ಟು ಗೊಂಬೆಗಳ ನಡುವೆ ನಿಂತು ದೋಣಿಯವರನ್ನು ಬೆರಗುಗೊಳಿಸಿದ. ತನ್ನ ಪ್ರತಿಯ ನೆರೆಯಲ್ಲಿ ನಿಂತ ಆ ಮನುಷ್ಯನನ್ನು ಮೂಲವೆನ್ನೋಣವೇ?

ಪ್ಲೇಟೋ ಇದ್ದಿದ್ದರೆ ಬಹುಶಃ ಮುಖ ಸಿಂಡರಿಸುತ್ತಿದ್ದ. ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಅವನು ಮಂಚದ ಉದಾಹರಣೆ ಕೊಡುತ್ತಾನೆ: ಮಂಚದ ಶಾಶ್ವತ ರೂಪವೊಂದು, ಬಡಗಿ ಮಾಡಿದ ಮಂಚವೊಂದು, ಚಿತ್ರಕಾರ ಬರೆದ ಮಂಚವೊಂದು. ಮೂರನೆಯದು ಸತ್ಯದಿಂದ ಬಹು ದೂರ. ಅರಿಸ್ಟಾಟಲ್ ಇಷ್ಟು ಕಠಿಣನಲ್ಲ. ಪ್ರತಿಕೃತಿಯನ್ನು ಕಂಡು ‘ಇದು ಅವನೇ’ ಎಂದು ಗುರುತಿಸುವುದರಲ್ಲೇ ಮನುಷ್ಯನಿಗೆ ಹುಟ್ಟುಗುಣವಾದ ಒಂದು ಸಂತೋಷವಿದೆ ಎಂದು ಅವನು ಕಾವ್ಯಮೀಮಾಂಸೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೆ ನಮ್ಮ ಇಲಿಯ ವಿಷಯದಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟವರು ಸಂತ ಅಗಸ್ಟೀನರು.

ದೀಕ್ಷಾಸ್ನಾನಕ್ಕೆ ಮುಂಚೆ, 386-87ರ ಚಳಿಗಾಲದ ಸುಮಾರಿಗೆ, ಅವರು ತಮ್ಮೊಡನೆ ತಾವೇ ಸಂವಾದ ನಡೆಸುವ ರೀತಿಯಲ್ಲಿ ‘ಸಾಲಿಲೋಕ್ವಿಯಾ’ ಎಂಬ ಕೃತಿಯನ್ನು ಬರೆದರು. ಅದರ ಎರಡನೆಯ ಭಾಗದಲ್ಲಿ ಸುಳ್ಳು ಎಂದರೇನೆಂದು ಶೋಧಿಸುತ್ತ ಅವರು ರೋಶಿಯಸ್ ಎಂಬ ರೋಮನ್ ನಟನನ್ನು ನೆನೆಯುತ್ತಾರೆ. ಗುಲಾಮನಾಗಿ ಹುಟ್ಟಿ, ಸಿಸೆರೋವಿನಂಥವರ ಸ್ನೇಹ ಗಳಿಸಿದ ಮಹಾನಟ ಅವನು. ರಂಗದ ಮೇಲೆ ಅವನು ಸುಳ್ಳು ಹೆಕ್ಟರನಾಗಲು ಒಪ್ಪದಿದ್ದರೆ ನಿಜವಾದ ನಟನಾಗುವುದು ಹೇಗೆ ಎಂದು ಅಗಸ್ಟೀನರು ಕೇಳುತ್ತಾರೆ. ಚಿತ್ರದ ಕುದುರೆ ಸುಳ್ಳು ಕುದುರೆಯಾಗದಿದ್ದರೆ ಅದು ನಿಜವಾದ ಚಿತ್ರವೇ ಅಲ್ಲ. ಅಂದರೆ ಕೆಲವು ವಸ್ತುಗಳು ಒಂದು ಬಗೆಯಲ್ಲಿ ಸುಳ್ಳಾಗಿರುವುದರಿಂದಲೇ ಇನ್ನೊಂದು ಬಗೆಯಲ್ಲಿ ಸತ್ಯವಾಗಿರುತ್ತವೆ. ಇದಕ್ಕೂ ಮುಂಚೆ ಅವರು ಇನ್ನೊಂದು ಸೂಕ್ಷ್ಮವನ್ನು ಹೇಳಿರುತ್ತಾರೆ. ವಂಚಿಸುವವನು ಬೇರೆ, ಕಲ್ಪಿಸಿ ಆಡುವವನು ಬೇರೆ. ಮೊದಲನೆಯವನಿಗೆ ಮೋಸ ಮಾಡುವ ಆಸೆ, ಎರಡನೆಯವನಿಗೆ ರಂಜಿಸುವ ಆಸೆ.

ಈ ಮಾತನ್ನು ಹಿಡಿದು ಉದ್ಯಾನದೊಳಗೆ ಹೋದರೆ ಅಲ್ಲಿಯ ಕಟ್ಟುನಿಟ್ಟುಗಳ ಅರ್ಥ ತಿಳಿಯುತ್ತದೆ. ಒಂದೇ ನೋಟಕ್ಕೆ ಇಬ್ಬರು ಮಿಕ್ಕಿಗಳು ಬೀಳಬಾರದು. ಜನರೆದುರಿಗೆ ಯಾರೂ ಮುಖವಾಡ ಕಳಚಬಾರದು. ಮುಖವಾಡ ತೊಟ್ಟವರು ಮಾತನಾಡಬಾರದು. ಕೈಸನ್ನೆ, ತಲೆದೂಗಾಟ, ಅಪ್ಪುಗೆ ಇವೇ ಅವರ ಭಾಷೆ. ಮಗು ಪುಸ್ತಕ ಚಾಚಿ ಹಸ್ತಾಕ್ಷರ ಬೇಡಿದರೆ, ಒಳಗಿರುವವರು ಯಾರೇ ಆಗಿರಲಿ, ಮಿಕ್ಕಿಯ ಸಹಿ ಒಂದೇ ತೆರನಾಗಿರಬೇಕು. ನೌಕರರನ್ನು ಹೊರಗೆ ಯಾರಾದರೂ ‘ನೀವೇ ಮಿಕ್ಕಿಯೋ’ ಎಂದು ಕೇಳಿದರೆ ‘ನಾನು ಮಿಕ್ಕಿಯ ಗೆಳೆಯ’ ಎನ್ನುವುದು ಅವರ ವಾಡಿಕೆಯ ಉತ್ತರ. ಇವುಗಳಲ್ಲಿ ಒಂದಾದರೂ ಕಿವಿಯ ಸುತ್ತಳತೆಗೆ ಸಂಬಂಧಿಸಿದ್ದಲ್ಲ. ಎಲ್ಲವೂ ನಡತೆಗೆ, ಮಗುವಿಗೆ ಕೊಟ್ಟ ಮಾತನ್ನು ನಡುವೆ ಮುರಿಯದಿರುವುದಕ್ಕೆ ಸಂಬಂಧಿಸಿದವು. ಇದರ ಹಿಂದೆ ಲಾಭದ ಲೆಕ್ಕವಿದೆ ಎಂಬುದನ್ನು ಮರೆಯುವಷ್ಟು ಮುಗ್ಧರು ನಾವಾಗಬೇಕಿಲ್ಲ. ಪ್ರವೇಶದ ಚೀಟಿ ಕೊಂಡ ಯಾವ ತಂದೆಯೂ ಅದನ್ನು ಮರೆಯಲಾರ. ಆದರೂ ಮಗುವಿಗೂ ವೇಷಧಾರಿಗೂ ನಡುವೆ ನಡೆಯುವುದು ವಂಚನೆಯಲ್ಲ ಎಂದೇ ನನ್ನ ತಿಳಿವಳಿಕೆ. ಗೊಂಬೆಗೆ ಅನ್ನ ಉಣಿಸುವ ಮಗುವಿಗೆ ಗೊಂಬೆ ಉಣ್ಣದೆಂದು ಗೊತ್ತಿರುತ್ತದೆ, ಗೊತ್ತಿದ್ದೂ ಉಣಿಸುತ್ತದೆ.

ಹೋಲಿಕೆಯನ್ನು ಇನ್ನಷ್ಟು ಬೆಳೆಸುವ ಪ್ರಯತ್ನವೂ ನಡೆಯಿತು. ಕಳೆದ ದಶಕದಲ್ಲಿ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕಣ್ಣು ಮಿಟುಕಿಸುವ, ಬಾಯಿ ಆಡಿಸುವ, ಮುದ್ರಿತ ಧ್ವನಿಯಲ್ಲಿ ಮಾತನಾಡುವ ಮಿಕ್ಕಿ ಬಂದ. ಚಲನಚಿತ್ರದ ಮಿಕ್ಕಿಗೆ ಅವನಷ್ಟು ಸಮೀಪ ಹೋದ ವೇಷ ಇನ್ನೊಂದಿರಲಾರದು. 2018ರಲ್ಲಿ ಅವನ ಮಾತು ನಿಂತಿತು. ಮೂಕ ಮಿಕ್ಕಿ ಮರಳಿದ. ಸಾಲು ಮಾತ್ರ ಕರಗಲಿಲ್ಲ. ಮನುಷ್ಯನ ಹೋಲಿಕೆ ಹೆಚ್ಚಿದಂತೆ ನಮ್ಮ ಅಕ್ಕರೆ ಹೆಚ್ಚುತ್ತ ಹೋಗಿ, ಬಹು ಸಮೀಪ ಬಂದೊಡನೆ ಥಟ್ಟನೆ ಅಳುಕಾಗಿ ಕುಸಿಯುತ್ತದೆ ಎಂದು ಜಪಾನಿನ ಯಂತ್ರಮಾನವ ತಜ್ಞ ಮಸಾಹಿರೋ ಮೋರಿ 1970ರಲ್ಲೇ ಬರೆದಿದ್ದರು. ದಪ್ಪ ಬಟ್ಟೆಯ ಮೂಕ ಇಲಿ ಆ ಕಂದರದ ಈಚೆ ದಡದಲ್ಲೇ ಸುರಕ್ಷಿತವಾಗಿ ನಿಂತಿದೆ.

ಇಷ್ಟರವರೆಗೆ ವಿಷಯ ಸುಲಭ. ಆದರೆ ಸ್ನೋ ವೈಟ್, ಸಿಂಡ್ರೆಲ್ಲಾ ಮೊದಲಾದವರಿಗೆ ಮುಖವಾಡವಿಲ್ಲ. ಅಲ್ಲಿ ಎತ್ತರದ ಅಳತೆ, ಮುಖದ ಹೋಲಿಕೆ ನೋಡಿ ಆರಿಸಿದ ಯುವತಿಯರು ಕೃತಕ ಕೂದಲು ಧರಿಸಿ, ಬಣ್ಣ ಹಚ್ಚಿಕೊಂಡು, ರಾಜಕುಮಾರಿಯ ದನಿಯಲ್ಲಿ ಮಾತನಾಡುತ್ತಾರೆ. ಅವರ ಮುಖವೇ ಅವರ ವೇಷ. ಮಿಕ್ಕಿಯ ತಲೆ ಸಿನಿಮಾದಂತಿಲ್ಲ ಎಂದರೆ ಅದು ಅದನ್ನು ಮಾಡಿದವನ ಕೆಲಸದ ವಿಮರ್ಶೆ. ‘ಇವಳು ಸ್ನೋ ವೈಟಿನ ಹಾಗಿಲ್ಲ, ಮೂಗು ಉದ್ದ, ವಯಸ್ಸೂ ಹೆಚ್ಚು’ ಎಂದರೆ ಅದು ಯಾರ ವಿಮರ್ಶೆ? ಮುಖವಾಡಕ್ಕೆ ಕಿವಿ ಕೇಳಿಸುವುದಿಲ್ಲ, ಮುಖಕ್ಕೆ ಕೇಳಿಸುತ್ತದೆ. ಅದೂ ಆ ಮಾತು ಕೇಳುತ್ತಿರುವಾಗಲೂ ನಗುತ್ತಲೇ ಇರಬೇಕಾದ ಮುಖಕ್ಕೆ.

ಇಲ್ಲೊಂದು ವಿಚಿತ್ರವನ್ನು ಓದುಗರು ಗಮನಿಸಬೇಕು. 1937ರ ಡಿಸೆಂಬರಿನಲ್ಲಿ ತೆರೆಕಂಡ ‘ಸ್ನೋ ವೈಟ್’ ಚಿತ್ರದ ನಾಯಕಿಯ ಚಲನವಲನಗಳನ್ನು ಕಲಾವಿದರು ಗಾಳಿಯಿಂದ ಹಿಡಿದು ತಂದದ್ದಲ್ಲ. ಹದಿಹರೆಯದ ನರ್ತಕಿಯೊಬ್ಬಳನ್ನು ಅವರು ಕುಣಿಸಿ, ನಡೆಸಿ, ಅದನ್ನು ಚಿತ್ರೀಕರಿಸಿಕೊಂಡು, ಆ ಚಲನೆಗಳ ಆಧಾರದ ಮೇಲೆ ಗೆರೆ ಎಳೆದರು. ಮುಂದೆ ಮಾರ್ಜ್ ಚಾಂಪಿಯನ್ ಎಂದು ಹೆಸರಾದ ಆಕೆ ನೂರ ಒಂದು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. 1950ರ ಸಿಂಡ್ರೆಲ್ಲಾಗೂ 1959ರ ‘ಸ್ಲೀಪಿಂಗ್ ಬ್ಯೂಟಿ’ಯ ರಾಜಕುಮಾರಿಗೂ ಹೀಗೆಯೇ ಆಧಾರವಾದವರು ಹೆಲೀನ್ ಸ್ಟ್ಯಾನ್ಲಿ ಎಂಬ ನಟಿ. ಜೀವಂತ ಹುಡುಗಿಯೊಬ್ಬಳಿಂದ ಚಿತ್ರ ಹುಟ್ಟಿತು. ಕಲಾವಿದ ಕಣ್ಣನ್ನು ಹಿಗ್ಗಿಸಿದ, ಬಾಯನ್ನು ಕಿರಿದಾಗಿಸಿದ. ಈಗ ಇನ್ನೊಬ್ಬ ಜೀವಂತ ಹುಡುಗಿ ಆ ಚಿತ್ರಕ್ಕೆ ಹೊಂದಬೇಕು, ಹೊಂದದಿದ್ದರೆ ಅವಳಲ್ಲೇ ಊನ. ಪ್ಲೇಟೋವಿನ ಮಂಚ ಇಲ್ಲಿ ತಲೆಕೆಳಗಾಗಿದೆ: ಚಿತ್ರಕಾರನ ಮಂಚವನ್ನು ಅಳತೆಗೋಲಾಗಿಟ್ಟುಕೊಂಡು ನಿಜವಾದ ಮಂಚದ ಕಾಲು ಕತ್ತರಿಸುತ್ತಿದ್ದೇವೆ.

ವ್ಯಕ್ತಿ ಎಂಬರ್ಥದಲ್ಲಿ ಯೂರೋಪಿನ ಭಾಷೆಗಳು ಬಳಸುವ ಪದ ಲ್ಯಾಟಿನ್ನಿನ ‘ಪೆರ್ಸೋನಾ’ದಿಂದ ಬಂದದ್ದು, ಅದು ಮೊದಲು ನಾಟಕದ ಮುಖವಾಡಕ್ಕೆ ಇದ್ದ ಹೆಸರು ಎಂಬುದನ್ನು ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತವರೆಲ್ಲ ಬಲ್ಲರು. ಮುಖವಾಡದ ಹೆಸರು ಶತಮಾನಗಳ ಚಿಂತನೆಯಲ್ಲಿ ಹಾದು, ಬೊಯೆಥಿಯಸನ ಕಾಲಕ್ಕೆ, ವಿವೇಕವುಳ್ಳ ಅನನ್ಯ ಜೀವಿಗೆ ಸಂದ ಗೌರವವಾಯಿತು. ರಾಜಕುಮಾರಿಯ ಮುಂದೆ ನಿಂತು ಮೂಗಿನ ಉದ್ದ ಅಳೆಯುವವನು ಆ ದಾರಿಯನ್ನು ಹಿಂದಕ್ಕೆ ನಡೆಯುತ್ತಾನೆ.

ಮುಖವಾಡದೊಳಗಿರುವವರಿಗೆ ಈ ನೋವು ಇಲ್ಲವೆಂದುಕೊಂಡರೂ ಅವರ ಮೈಗೆ ಬೇರೆ ಹೊರೆಯಿದೆ. ಫ್ಲೋರಿಡಾದ ಬೇಸಿಗೆಯಲ್ಲಿ ತುಪ್ಪಳದ ಉಡುಪಿನೊಳಗೆ ನಿಲ್ಲುವುದೆಂದರೆ ಏನೆಂದು ಕರಾವಳಿಯ ಸೆಕೆ ಬಲ್ಲ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಚಿತ್ರದ ತಲೆ ಮೈಗಿಂತ ದೊಡ್ಡದಾದರೆ ವೇಷದ ತಲೆಯೂ ದೊಡ್ಡದಾಗಬೇಕು. ಕುತ್ತಿಗೆ ಮಾತ್ರ ಮನುಷ್ಯನದು. ವೇಷದಡಿ ತೊಡುವ ಒಳಉಡುಪುಗಳನ್ನು ಒಬ್ಬರಾದ ಮೇಲೆ ಒಬ್ಬರು ಹಂಚಿಕೊಳ್ಳಬೇಕಾಗಿದ್ದ ಫ್ಲೋರಿಡಾದ ನೌಕರರು, ತಮ್ಮದೇ ಒಳಉಡುಪು ತಮಗೆ ಬೇಕೆಂಬ ಬೇಡಿಕೆಯನ್ನು ಕಾರ್ಮಿಕ ಸಂಘದ ಮೂಲಕ ಗೆದ್ದದ್ದು 2001ರಲ್ಲಿ. 2004ರ ಫೆಬ್ರವರಿಯಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ಲೂಟೋ ಎಂಬ ನಾಯಿಯ ವೇಷದಲ್ಲಿದ್ದ ನೌಕರನೊಬ್ಬ, ಪ್ರವಾಸಿಗರಿಗೆ ಕಾಣದ ತೆರೆಮರೆಯಲ್ಲಿ, ಮೆರವಣಿಗೆಯ ವಾಹನದಡಿ ಸಿಕ್ಕಿ ಸತ್ತ. ನಗುಮುಖದ ಆ ನಾಯಿಯೊಳಗಿದ್ದದ್ದು ಮನುಷ್ಯ ಎಂದು ಆ ಸುದ್ದಿ ಓದಿದವರಿಗೆ ಒಮ್ಮೆಗೇ ಅರಿವಾಗಿರಬೇಕು.

ಹಾಗಾದರೆ ಉದ್ಯಾನದ ಪಾತ್ರಗಳು ಸಿನಿಮಾದಲ್ಲಿರುವ ಹಾಗೆ ಇವೆಯೇ? ರೂಪದಲ್ಲಿ, ಇಲ್ಲ, ಇರಲು ಸಾಧ್ಯವೂ ಇಲ್ಲ, ಹೆಚ್ಚು ಹತ್ತಿರ ಹೋಗುವ ಅಗತ್ಯವೂ ಇಲ್ಲವೆಂದು ಮಾತು ಬಿಟ್ಟ ಮಿಕ್ಕಿ ತೋರಿಸಿದ್ದಾನೆ. ನಡತೆಯಲ್ಲಿ ಹಲವು ವೇಳೆ ಇವೆ. ಅಳುವ ಮಗುವಿನೆದುರು ಮಂಡಿಯೂರಿ, ಅಪ್ಪದೆ, ಮುಟ್ಟದೆ, ಅದಾಗಿ ಹತ್ತಿರ ಬರುವವರೆಗೆ ಕಾಯುವ ಗೂಫಿ ಯಾವ ಚಿತ್ರದ ಯಾವ ದೃಶ್ಯದಲ್ಲೂ ಇಲ್ಲದಿರಬಹುದು. ಆದರೂ ಅವನು ಗೂಫಿಯೇ. ಆ ಕಾಯುವಿಕೆಯನ್ನು ಯಾವ ಚಿತ್ರಕಾರನೂ ಬರೆದುಕೊಟ್ಟಿಲ್ಲ. ಅದು ಒಳಗಿರುವವನದು, ಅವನ ಸ್ವಂತದ್ದು.

2024ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿ ಉದ್ಯಾನಗಳ ವೇಷಧಾರಿಗಳು, ಮೆರವಣಿಗೆಯ ಕಲಾವಿದರು ಮತ್ತಿತರರು ಸೇರಿದ ಸುಮಾರು 1,700 ಜನರ ಸಮೂಹದಲ್ಲಿ ಸಂಘ ಬೇಕೇ ಬೇಡವೇ ಎಂಬ ಮತದಾನ ನಡೆಯಿತು. ಬಹುಮತ ಬೇಕೆಂದಿತು. ಅವರು ಆರಿಸಿಕೊಂಡದ್ದು ‘ಆಕ್ಟರ್ಸ್ ಈಕ್ವಿಟಿ’ ಎಂಬ ಸಂಘವನ್ನು. ಅಮೆರಿಕದ ರಂಗನಟರು ಸೇರುವ ಸಂಘ ಅದು. ‘ಮಿಕ್ಕಿಯ ಗೆಳೆಯರು’ ಅಲ್ಲಿ ಬರೆಸಿಕೊಂಡ ವೃತ್ತಿ ರೋಶಿಯಸನದೇ.