ದಾರಿ ಅವರದು, ಹೆಗಲು ನಮ್ಮದು

ಶ್ರವಣಕುಮಾರನ ಕಥೆ ಹೇಳುವಾಗ ನಾವು ಮಗನ ಹೆಗಲನ್ನೇ ಹೊಗಳುತ್ತೇವೆ. ಕಣ್ಣಿಲ್ಲದ ತಂದೆತಾಯಿಯನ್ನು ಕಾವಡಿಯಲ್ಲಿ ಕೂರಿಸಿಕೊಂಡು ತೀರ್ಥದಿಂದ ತೀರ್ಥಕ್ಕೆ ನಡೆದವನು ಅವನು. ಆ ಹೊಗಳಿಕೆ ಅವನಿಗೆ ಸಲ್ಲಬೇಕಾದದ್ದೇ. ಆದರೆ ಆ ಕಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಸಂಗತಿ ಒಂದಿದೆ. ಯಾತ್ರೆಗೆ ಹೋಗಬೇಕೆಂಬ ಆಸೆ ತಂದೆತಾಯಿಯದು. ಹೋಗೋಣವೆಂದವರು ಅವರು, ಹೊತ್ತವನು ಮಗ.

ಇಂದು ಯುರೋಪಿನಲ್ಲಿ ದುಡಿಯುವ ನಮ್ಮ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡು ಊರು ತೋರಿಸುತ್ತಾರೆ. ಅವರ ಪ್ರೀತಿ ನಿಜ, ರಜೆ ಹೊಂದಿಸುವ ಕಷ್ಟವೂ ನಿಜ. ಆದರೆ ಹೆಗಲಿನ ಜೊತೆಗೆ ದಾರಿಯೂ ಮಕ್ಕಳದೇ ಆಗಿಬಿಟ್ಟಿದೆ. ಟಿಕೆಟ್ಟುಗಳು ಮೊದಲೇ ಬುಕ್ ಆಗಿರುತ್ತವೆ. ಹಿರಿಯರು ಹಿಂದೆ ಹಿಂದೆ ಬರುತ್ತಾರೆ, ನಿಲ್ಲಿ ಎಂದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಅವರ ಮನಸ್ಸಿಗೆ ಏನು ತಟ್ಟಿತು ಎಂಬುದು ಯಾರಿಗೂ ತಿಳಿಯದೆಯೇ ಪ್ರವಾಸ ಮುಗಿಯುತ್ತದೆ.

ಅವ್ವನ ಜೊತೆ ರೋಮ್ ನಗರದ ಓಣಿಗಳಲ್ಲಿ ನಡೆದ ಮೇಲೆ ಈ ವಿಚಾರ ನನ್ನಲ್ಲಿ ಗಟ್ಟಿಯಾಗಿದೆ. ಹಳೆಯ ರೋಮನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಆದರೆ ನೆಲಕ್ಕೆ ಹಾಸಿರುವ ಸಂಪಿಯೆತ್ರಿನಿ ಎಂಬ ಕಪ್ಪು ಕಲ್ಲುಗಳು ಸಮತಟ್ಟಾಗಿಲ್ಲ; ಮೊಣಕಾಲು ನೋವಿದ್ದವರು ಪ್ರತಿ ಹೆಜ್ಜೆಯನ್ನೂ ನೋಡಿಯೇ ಇಡಬೇಕು. ಹೆಸರಾದ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂತು ದಣಿವಾರಿಸಿಕೊಳ್ಳೋಣವೆಂದರೆ 2019ರಿಂದ ಅಲ್ಲಿ ಕೂರುವಂತಿಲ್ಲ, ದಂಡ ಬೀಳುತ್ತದೆ. ಇಂಥ ಊರಿನಲ್ಲಿ ಹೆಗಲು ಕೊಡುವುದೆಂದರೆ ನೆರಳು ಎಲ್ಲಿದೆ, ಶೌಚಾಲಯ ಎಲ್ಲಿದೆ, ಯಾವ ಚರ್ಚಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಮೊದಲೇ ತಿಳಿದುಕೊಂಡಿರುವುದು. ಅಷ್ಟು ಮಕ್ಕಳ ಕೆಲಸ. ಎಲ್ಲಿ ನಿಲ್ಲಬೇಕೆಂಬುದು ಹಿರಿಯರಿಗೆ ಬಿಟ್ಟದ್ದು.

ಅವ್ವ ಮೊದಲು ನಿಂತದ್ದು ಒಂದು ನಲ್ಲಿಯ ಮುಂದೆ. ರೋಮಿನ ಬೀದಿಗಳಲ್ಲಿ ಬೀಡುಕಬ್ಬಿಣದ ಗಿಡ್ಡ ಕಂಬಗಳಿವೆ; ಪಕ್ಕಕ್ಕೆ ಬಾಗಿದ ಕೊಳವೆಯಿಂದ ಕುಡಿಯುವ ನೀರು ಹಗಲು ರಾತ್ರಿ ಹರಿಯುತ್ತಿರುತ್ತದೆ. 1874ರಲ್ಲಿ ಇಂಥವನ್ನು ನಿಲ್ಲಿಸತೊಡಗಿದರು, ಈಗ ಸುಮಾರು 2,500 ಇವೆಯಂತೆ. ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ, ಬಗ್ಗದೆಯೇ ಕುಡಿಯಬಹುದು. ಒಬ್ಬ ಮುದುಕ ಹಾಗೆ ಕುಡಿಯುವುದನ್ನು ನೋಡಿ ಅವ್ವನೂ ಬೆರಳು ಒತ್ತಿದಳು, ಕುಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. “ದಾರಿ ಮಂದಿಗೆ ನೀರು ಇಟ್ಟಾರ ನೋಡು. ಊರು ಚಲೋ ಐತಿ” ಅಂದಳು. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಸೀಮೆಯಿಂದ ಬಂದವಳಿಗೆ ಊರನ್ನು ಅಳೆಯಲು ತನ್ನದೇ ಅಳತೆಗೋಲು ಇತ್ತು. ಅದು ಸಣ್ಣ ಅಳತೆಗೋಲೇನಲ್ಲ.

ಕೊಲೊಸಿಯಂ ಮುಂದೆಯೂ ಅದೇ ಕೋಲು. ಕ್ರಿಸ್ತಶಕ 80ರಲ್ಲಿ ತೆರೆದ ಕಟ್ಟಡ; ಒಳಗೆ ಮನುಷ್ಯರೂ ಮೃಗಗಳೂ ಕಾದಾಡಿ ಸಾಯುವುದನ್ನು ಸಾವಿರಾರು ಜನ ನೋಡುತ್ತಿದ್ದರು. ಅದನ್ನು ಕೇಳಿದ ಅವ್ವ, “ಮಂದಿ ಸಾಯೂದು ನೋಡಾಕ ಇಷ್ಟ ದೊಡ್ಡದು ಕಟ್ಟಿದರೇನು? ನಾ ಒಳಗ ಬರೂದಿಲ್ಲ” ಎಂದಳು. ನಾವು ಒಳಗೆ ಹೋಗಲಿಲ್ಲ. ಜಗತ್ತು ಮೆಚ್ಚಿದ್ದನ್ನು ಹಿರಿಯರು ಮೆಚ್ಚಲೇಬೇಕೆಂದೇನಿಲ್ಲ. ಎಪ್ಪತ್ತು ವರ್ಷ ಒಳ್ಳೆಯದು ಕೆಟ್ಟದ್ದು ತೂಗಿ ಬಾಳಿದವರು ಪರದೇಶಕ್ಕೆ ಬಂದ ಮಾತ್ರಕ್ಕೆ ಆ ತಕ್ಕಡಿಯನ್ನು ಮನೆಯಲ್ಲಿ ಬಿಟ್ಟುಬರಬೇಕೆ? ಅವರು ಬೇಡವೆಂದಾಗ ಕಾರಣ ಕೇಳಿ ತಿಳಿಯುವುದು ಗೌರವ. ಟಿಕೆಟ್ಟಿನ ದುಡ್ಡು ಹೋಯಿತಲ್ಲ ಎಂದು ಒತ್ತಾಯಿಸುವುದು ಗೌರವವಲ್ಲ.

ಪಿಯಾತ್ಸಾ ನವೋನಾ ಚೌಕದ ಹತ್ತಿರ ಸಾಂತಗೊಸ್ತಿನೊ ಎಂಬ ಚರ್ಚಿದೆ. ಬಾಗಿಲ ಬಳಿ ಸಾನ್ಸೊವಿನೊ ಕಡೆದ ಮೇರಿಮಾತೆಯ ಮೂರ್ತಿ. ಸುಖಪ್ರಸವಕ್ಕೆ ಹರಕೆ ಹೊತ್ತವರು ಅಲ್ಲಿ ಕೂಸುಗಳ ಫೋಟೊ, ಗುಲಾಬಿ, ನೀಲಿ ರಿಬ್ಬನ್ನು ತಂದಿಡುತ್ತಾರೆ. ಅವ್ವನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಚರ್ಚಿನೊಳಗೆ ಎಡಗಡೆಯ ಮೊದಲ ಕಿರುಗುಡಿಯಲ್ಲಿ ಚಿತ್ರಕಾರ ಕಾರಾವಾಜೊ 1600ರ ಜುಬಿಲಿ ಎಂಬ ಯಾತ್ರಾವರ್ಷ ಕಳೆದು ಕೆಲವೇ ವರ್ಷಗಳಲ್ಲಿ ಬರೆದ ಚಿತ್ರವಿದೆ. ಗಾರೆ ಕಿತ್ತ ಗೋಡೆಯ ಮನೆಬಾಗಿಲಲ್ಲಿ ಮೇರಿ ಮಗುವನ್ನೆತ್ತಿಕೊಂಡು ನಿಂತಿದ್ದಾಳೆ. ಮುಂದೆ ಕೋಲು ಹಿಡಿದು ಮೊಣಕಾಲೂರಿದ ಇಬ್ಬರು ಬಡ ಯಾತ್ರಿಕರು, ಒಬ್ಬ ಗಂಡಸು, ಒಬ್ಬ ಮುದುಕಿ. ಅವರನ್ನು ಮಗ ಮತ್ತು ತಾಯಿ ಎಂದು ಕಂಡವರೂ ಇದ್ದಾರೆ. ನೋಡುವವರ ಕಣ್ಣಿಗೆ ನೇರ ಬೀಳುವುದು ಆ ಗಂಡಸಿನ ಮಣ್ಣು ಮೆತ್ತಿದ ಅಂಗಾಲು. ಆ ಕೊಳಕು ಕಾಲು, ಮುದುಕಿಯ ಹರಿದ ಟೊಪ್ಪಿಗೆ ಕಂಡು ಜನ ಗದ್ದಲ ಎಬ್ಬಿಸಿದರೆಂದು ಕಾರಾವಾಜೊನ ಎದುರಾಳಿಯಾಗಿದ್ದ ಬಾಲ್ಯೋನೆ ಬರೆದಿಟ್ಟಿದ್ದಾನೆ.

“ಇವರು ನಡಕೋತ ಬಂದವರು ನೋಡ ತಮ್ಮಾ” ಅಂದಳು ಅವ್ವ. “ನಮ್ಮ ಶ್ರೀಶೈಲದ ಪಾದಯಾತ್ರೆಯವರ ಕಾಲು ಹಿಂಗ ಇರತಾವು.” ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವರಿಗೆ ದಾರಿಯ ಊರವರು ಅನ್ನ ನೀರು ಕೊಡುತ್ತಾರೆ, ಬೊಬ್ಬೆ ಬಂದ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ರೋಮಿನಲ್ಲೂ ಸಂತ ಫಿಲಿಪ್ಪೊ ನೇರಿ 1548ರಲ್ಲಿ ಕಟ್ಟಿದ ಸಂಘದವರು ಯಾತ್ರಿಕರ ಕಾಲು ತೊಳೆದು ಊಟ ಬಡಿಸುತ್ತಿದ್ದರು. ಅದನ್ನು ಹೇಳಿದಾಗ ಅವ್ವ ತಲೆದೂಗಿದಳು. ಕಲಾವಿಮರ್ಶೆಯ ಒಂದು ಪದವನ್ನೂ ಓದದವಳು ನೇರವಾಗಿ ಚಿತ್ರದ ತಿರುಳಿಗೇ ಹೋಗಿದ್ದಳು. ಆಗ ನಾನು ಅವಳ ಪಕ್ಕದಲ್ಲಿದ್ದೆ ಎಂಬುದೇ ನನ್ನ ಭಾಗ್ಯ.

ಹಿರಿಯರು ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲವಲ್ಲ ಎಂದು ಕೇಳಬಹುದು. ನಿಜ. ಮಕ್ಕಳ ಓದು, ಮನೆಯ ಖರ್ಚು, ನೆಂಟರ ಮದುವೆ ಎಂದು ತಮ್ಮ ಆಸೆಯನ್ನು ಹಿಂದಕ್ಕೆ ಸರಿಸುತ್ತಲೇ ಬಂದವರು ಅವರು. ಎಲ್ಲಿಗೆ ಹೋಗೋಣ ಎಂದರೆ “ನಿಂಗ ಹೆಂಗ ಅನಸ್ತದ ಹಂಗ” ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ಒಮ್ಮೆ ಕೇಳಿ ಬಿಟ್ಟರೆ ಸಾಲದು. ಅವರ ಕಾಲು ಎಲ್ಲಿ ತಾನಾಗಿ ನಿಧಾನವಾಗುತ್ತದೆ, ಕಣ್ಣು ಎಲ್ಲಿ ಹೊರಳಿ ನೋಡುತ್ತದೆ ಎಂದು ಗಮನಿಸಬೇಕು. ಅದಕ್ಕಾಗಿ ದಿನದ ಅರ್ಧವನ್ನಾದರೂ ಖಾಲಿ ಇಟ್ಟಿರಬೇಕು.

ಹಿರಿಯರಿಗೆ ನಡೆಯುವ ಶಕ್ತಿ ಇರುವಾಗಲೇ ದಾರಿಯನ್ನು ಅವರ ಕೈಗೆ ಕೊಡುವುದು ಕಲಿಯಬೇಕು. ಯಾವ ಡಾಕ್ಟರು, ಯಾವ ಔಷಧ, ಯಾವ ಊರಿನ ಯಾವ ಕೋಣೆ ಎಂದು ಅವರ ಪರವಾಗಿ ನಾವೇ ತೀರ್ಮಾನಿಸಬೇಕಾದ ದಿನ ಹೆಚ್ಚಿನ ಮಕ್ಕಳಿಗೆ ಬಂದೇ ಬರುತ್ತದೆ. ಹೇಳಲಾಗದ ಸ್ಥಿತಿಯಲ್ಲಿ ಅವರಿಗೆ ಏನು ಬೇಕಿತ್ತೆಂದು ತಿಳಿಯಬೇಕಾದರೆ, ಹೇಳಬಲ್ಲ ದಿನಗಳಲ್ಲಿ ನಾವು ಅವರನ್ನು ಗಮನಿಸಿರಬೇಕು.